ಬ್ರೌಸರ್ ‘ಸಂಪರ್ಕ ಖಾಸಗಿಯಾಗಿಲ್ಲ’ ಎಂದಾಗ: ಮನೆಯ ವೈಫೈನಲ್ಲಿ ಸರ್ಟಿಫಿಕೇಟ್ ದೋಷ ಹುಡುಕುವ ಬಗೆ

ಕರೆಂಟ್ ಬಿಲ್ ಕಟ್ಟಲು ಕೂತಿದ್ದೀರಿ. ಪುಟದ ಬದಲು ಕೆಂಪು ತ್ರಿಕೋನ ಬಂತು, ಕೆಳಗೆ ‘ನಿಮ್ಮ ಸಂಪರ್ಕವು ಖಾಸಗಿಯಾಗಿಲ್ಲ’ ಎಂಬ ಸಾಲು. ಆಗ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ‘ಅಡ್ವಾನ್ಸ್ಡ್’ ಒತ್ತಿ, ‘ಪ್ರೊಸೀಡ್’ ಒತ್ತಿ ಮುಂದೆ ಹೋಗುತ್ತಾರೆ. ಇಲ್ಲವೇ ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಎರಡರಿಂದಲೂ ದೋಷ ಎಲ್ಲಿದೆ ಎಂದು ತಿಳಿಯುವುದಿಲ್ಲ. ಮೊದಲನೆಯದರಿಂದ ದುಡ್ಡು ಹೋಗುವ ಸಾಧ್ಯತೆಯೂ ಇದೆ.

ಈ ದೋಷ ಪತ್ತೆ ಮಾಡುವುದು ಅಂಥ ಕಷ್ಟದ ಕೆಲಸವಲ್ಲ. ಬೇಕಾದ ಸುಳಿವೆಲ್ಲ ಆ ಪುಟದಲ್ಲೇ ಇರುತ್ತದೆ. ನಾವು ಅದನ್ನು ಓದದೆ ಮುಚ್ಚುತ್ತೇವೆ, ಅಷ್ಟೇ.

ಬ್ರೌಸರ್ ನೋಡುವುದು ಮುಖ್ಯವಾಗಿ ಮೂರು ವಿಷಯ. ಗೇಟಿನ ಹತ್ತಿರ ಬಂದು ‘ಮೀಟರ್ ನೋಡಬೇಕು’ ಎಂದವರ ಗುರುತಿನ ಚೀಟಿಯಲ್ಲಿ ನೀವು ಏನು ನೋಡುತ್ತೀರೋ ಅದೇ: ಚೀಟಿಯ ಅವಧಿ ಮುಗಿದಿದೆಯಾ, ಅದರಲ್ಲಿರುವ ಹೆಸರು ಇವರದ್ದೇನಾ, ಸೀಲು ಹಾಕಿದವರು ನಂಬಬಹುದಾದವರಾ. ವೆಬ್‌ಸೈಟ್ ತೋರಿಸುವ ಸರ್ಟಿಫಿಕೇಟ್‌ನಲ್ಲೂ ದಿನಾಂಕ, ಹೆಸರು, ನೀಡಿದವರು ಎಂಬ ಮೂರು ಇರುತ್ತವೆ. ಮೂರರಲ್ಲಿ ಒಂದು ಹೊಂದದಿದ್ದರೂ ಬ್ರೌಸರ್ ಬಾಗಿಲು ಹಾಕುತ್ತದೆ. ಯಾವುದು ಹೊಂದಲಿಲ್ಲ ಎಂಬುದರ ಮೇಲೆ ನೀವು ಹುಡುಕಬೇಕಾದ ಜಾಗ ಬದಲಾಗುತ್ತದೆ.

ಮೊದಲು ಪುಟ ಓದಿ

ಕ್ರೋಮ್‌ನಲ್ಲಿ ಎಚ್ಚರಿಕೆಯ ಕೆಳಗೆ ದೊಡ್ಡಕ್ಷರಗಳಲ್ಲಿ ಒಂದು ಕೋಡ್ ಇರುತ್ತದೆ. ಅದರ ಕೊನೆಯ ಪದಗಳನ್ನು ನೋಡಿ. ‘ಡೇಟ್ ಇನ್‌ವ್ಯಾಲಿಡ್’ ಅಂದರೆ ದಿನಾಂಕದ ತಕರಾರು. ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಅಂದರೆ ಹೆಸರಿನದ್ದು. ‘ಅಥಾರಿಟಿ ಇನ್‌ವ್ಯಾಲಿಡ್’ ಅಂದರೆ ನೀಡಿದವರದ್ದು. ಫೈರ್‌ಫಾಕ್ಸ್‌ನಲ್ಲಿ ಪದಗಳು ಬೇರೆ, ಅರ್ಥ ಅದೇ. ಅಲ್ಲಿ ‘ಅಡ್ವಾನ್ಸ್ಡ್’ ಒತ್ತಿದರೆ ಕೋಡ್ ಕಾಣುತ್ತದೆ. ಅಲ್ಲಿ ‘ಅನ್‌ನೋನ್ ಇಶ್ಯುಯರ್’ ಎಂದಿದ್ದರೆ ನೀಡಿದವರ ಸಮಸ್ಯೆ, ‘ಬ್ಯಾಡ್ ಸರ್ಟ್ ಡೊಮೈನ್’ ಎಂದಿದ್ದರೆ ಹೆಸರಿನ ಸಮಸ್ಯೆ.

ಇನ್ನು ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ಉಪಾಯ. ಕ್ರೋಮ್‌ನ ಎಚ್ಚರಿಕೆ ಪುಟದಲ್ಲಿ ಆ ಕೋಡ್ ಮೇಲೆಯೇ ಒಮ್ಮೆ ಒತ್ತಿ. ಅದು ಬರೀ ಅಕ್ಷರದ ಹಾಗೆ ಕಾಣುತ್ತದೆ, ಆದರೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಕೆಳಗೆ ನಾಲ್ಕು ಸಾಲು ಬರುತ್ತವೆ: ‘ಸಬ್ಜೆಕ್ಟ್’, ‘ಇಶ್ಯುಯರ್’, ‘ಎಕ್ಸ್‌ಪೈರ್ಸ್ ಆನ್’, ‘ಕರೆಂಟ್ ಡೇಟ್’. ಅಂದರೆ ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ, ಯಾರು ಕೊಟ್ಟರು, ಯಾವಾಗ ಮುಗಿಯುತ್ತದೆ, ನಿಮ್ಮ ಯಂತ್ರದ ಪ್ರಕಾರ ಇವತ್ತು ಯಾವ ದಿನ. ಈ ನಾಲ್ಕು ಸಾಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಕೆಲಸವೆಲ್ಲ ಇವುಗಳ ಮೇಲೆಯೇ ನಡೆಯುತ್ತದೆ.

ಆಮೇಲೆ ಫೋನ್ ತೆಗೆದುಕೊಳ್ಳಿ. ಮನೆಯ ವೈಫೈನಲ್ಲಿ ಅದೇ ವಿಳಾಸ ತೆರೆದು ನೋಡಿ. ನಂತರ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಇನ್ನೊಮ್ಮೆ ತೆರೆಯಿರಿ. ಕಂಪ್ಯೂಟರಿನಲ್ಲಿ ಮಾತ್ರ ದೋಷ, ಫೋನ್‌ನಲ್ಲಿ ಎರಡು ದಾರಿಯಲ್ಲೂ ಸರಿ ಎಂದಾದರೆ ಕಂಪ್ಯೂಟರಿನಲ್ಲೇ ಹುಡುಕಿ. ವೈಫೈನಲ್ಲಿ ಎಲ್ಲ ಸಾಧನಗಳಿಗೂ ದೋಷ, ಮೊಬೈಲ್ ಡೇಟಾದಲ್ಲಿ ಸರಿ ಎಂದಾದರೆ ರೂಟರ್ ಅಥವಾ ಇಂಟರ್ನೆಟ್ ಕೊಡುವವರ ಕಡೆ ನೋಡಿ. ಎಲ್ಲಿಂದ ತೆರೆದರೂ ಅದೊಂದೇ ಸೈಟ್‌ಗೆ ದೋಷ ಎಂದಾದರೆ ತಪ್ಪು ಆ ಸೈಟಿನವರದ್ದು, ನೀವು ಮನೆಯಲ್ಲಿ ಏನನ್ನೂ ಬದಲಿಸಬೇಡಿ.

ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಇದನ್ನು ಮಾಡದೆ ಸುಮ್ನೆ ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪುಟಗಳು) ಅಳಿಸುವುದು, ಬ್ರೌಸರ್ ತೆಗೆದು ಮತ್ತೆ ಹಾಕುವುದು ದಂಡ. ಸರ್ಟಿಫಿಕೇಟ್ ದೋಷಕ್ಕೂ ಕ್ಯಾಶ್‌ಗೂ ಸಾಮಾನ್ಯವಾಗಿ ಸಂಬಂಧವೇ ಇರುವುದಿಲ್ಲ. ಆದರೂ ಎಲ್ಲ ಕಡೆ ಮೊದಲು ಸಿಗುವ ಸಲಹೆ ಅದೇ.

ಗಡಿಯಾರ

ಮನೆಗಳಲ್ಲಿ ‘ಡೇಟ್ ಇನ್‌ವ್ಯಾಲಿಡ್’ ಬಂದಾಗ, ಅದರಲ್ಲೂ ಎಲ್ಲ ಸೈಟ್‌ಗಳಿಗೂ ಒಟ್ಟಿಗೆ ಬಂದಾಗ, ಮೊದಲು ನೋಡಬೇಕಾದದ್ದು ಕಂಪ್ಯೂಟರಿನ ಗಡಿಯಾರ. ಕೆಲವೊಮ್ಮೆ ಕ್ರೋಮ್ ತಾನೇ ‘ನಿಮ್ಮ ಗಡಿಯಾರ ಹಿಂದಿದೆ’ ಎಂದು ಹೇಳಿಬಿಡುತ್ತದೆ. ಹೇಳದಿದ್ದರೆ ‘ಕರೆಂಟ್ ಡೇಟ್’ ಸಾಲಿನಲ್ಲಿ ವರ್ಷ ನೋಡಿ. ಮೂಲೆಯಲ್ಲಿ ಕಾಣುವ ಗಂಟೆ, ನಿಮಿಷ ನೋಡಿ ‘ಸರಿ ಇದೆಯಲ್ಲ’ ಎಂದು ಬಿಡಬೇಡಿ. ತಪ್ಪುವುದು ಹೆಚ್ಚಾಗಿ ವರ್ಷ.

ಬೆಂಗಳೂರಿನ ಹನುಮಂತನಗರದ ಒಂದು ಮನೆಯ ಹಳೆಯ ಡೆಸ್ಕ್‌ಟಾಪ್ ಇದಕ್ಕೆ ಒಳ್ಳೆಯ ಉದಾಹರಣೆ. ವರ್ಷವಿಡೀ ಸರಿಯಾಗಿರುತ್ತಿತ್ತು. ಮೇ ತಿಂಗಳ ಸಂಜೆ ಮಳೆಗೆ ಮರ ಬಿದ್ದು ರಾತ್ರಿಯೆಲ್ಲ ಕರೆಂಟ್ ಇಲ್ಲದಿದ್ದರೆ, ಮರುದಿನ ಬೆಳಿಗ್ಗೆ ಯಾವ ಸೈಟೂ ತೆರೆಯುತ್ತಿರಲಿಲ್ಲ. ಮನೆಯವರು ಇಂಟರ್ನೆಟ್ ಕಂಪನಿಗೆ ಫೋನ್ ಮಾಡುತ್ತಿದ್ದರು, ಅವರು ಬಂದು ಫೈಬರ್ ನೋಡಿ ‘ಲೈನ್ ಸರಿ ಇದೆ’ ಎಂದು ಹೋಗುತ್ತಿದ್ದರು. ಲೈನ್ ನಿಜಕ್ಕೂ ಸರಿ ಇತ್ತು. ‘ಕರೆಂಟ್ ಡೇಟ್’ ಸಾಲಿನಲ್ಲಿ ಮಾತ್ರ 2013 ಎಂದು ಇತ್ತು.

ಕಾರಣ ಹೀಗಿದೆ. ಮದರ್‌ಬೋರ್ಡ್ ಮೇಲೆ ಸಿಆರ್2032 ಎಂಬ, ನಾಣ್ಯದಂಥ 3 ವೋಲ್ಟ್ ಸೆಲ್ ಇರುತ್ತದೆ. ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಒಳಗಿನ ಪವರ್ ಸಪ್ಲೈಯಿಂದ ಸ್ವಲ್ಪ ಕರೆಂಟ್ ಬರುತ್ತಲೇ ಇರುತ್ತದೆ, ಗಡಿಯಾರ ಅದರಲ್ಲಿ ನಡೆಯುತ್ತದೆ. ಸೆಲ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಗೋಡೆಯ ಕರೆಂಟ್ ಪೂರ್ತಿ ಹೋದಾಗ ಮಾತ್ರ ಸೆಲ್‌ನ ಅಗತ್ಯ ಬೀಳುತ್ತದೆ. ಆಗ ಗಡಿಯಾರ ಕಾರ್ಖಾನೆಯಲ್ಲಿ ಇಟ್ಟ ದಿನಾಂಕಕ್ಕೆ ಹಿಂದಿರುಗುತ್ತದೆ. ಇವತ್ತಿನ ಸರ್ಟಿಫಿಕೇಟ್‌ಗಳೆಲ್ಲ ಆ ದಿನಾಂಕಕ್ಕೆ ಇನ್ನೂ ಹುಟ್ಟೇ ಇರುವುದಿಲ್ಲ. ಹಾಗಾಗಿ ಎಲ್ಲವೂ ತಿರಸ್ಕಾರ.

ಖಚಿತ ಮಾಡಿಕೊಳ್ಳಲು ದಿನಾಂಕ ಸರಿ ಮಾಡಿ, ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿ ಅರ್ಧ ಗಂಟೆ ಬಿಡಿ. ಇಂಟರ್ನೆಟ್ ಕೇಬಲ್ ತೆಗೆದು, ವೈಫೈ ಇದ್ದರೆ ರೂಟರ್ ಆಫ್ ಮಾಡಿಟ್ಟು, ಆಮೇಲೆ ಕಂಪ್ಯೂಟರ್ ಆನ್ ಮಾಡಿ. ಇಂಟರ್ನೆಟ್ ಇದ್ದರೆ ದಿನಾಂಕ ತಾನೇ ಸರಿಯಾಗಿ ದೋಷ ಮುಚ್ಚಿಹೋಗಬಹುದು, ಅದಕ್ಕೆ ಹೀಗೆ. ದಿನಾಂಕ ಹಿಂದೆ ಹೋಗಿದ್ದರೆ ಸೆಲ್ ಬದಲಿಸಿ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೇ ಹೋಗಬೇಕಿಲ್ಲ, ಬಡಾವಣೆಯ ವಾಚ್ ಅಂಗಡಿಯಲ್ಲೂ ಈ ಸೆಲ್ ಸಿಗುತ್ತದೆ.

ವಿಂಡೋಸ್ ತಾನಾಗಿ ಸಮಯ ಸರಿ ಮಾಡಿಕೊಳ್ಳಬೇಕಲ್ಲ ಎಂದು ನೀವು ಕೇಳಬಹುದು. ಮಾಡಿಕೊಳ್ಳುತ್ತದೆ, ಆದರೆ ಮಿತಿ ಇದೆ. ಮನೆಯ ಕಂಪ್ಯೂಟರಿನಲ್ಲಿ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ ವಿಂಡೋಸ್‌ನ ಸಮಯ ಸೇವೆ ಮೂಲ ಸೆಟ್ಟಿಂಗ್‌ನಲ್ಲಿ ಅಷ್ಟು ದೊಡ್ಡ ಜಿಗಿತ ಮಾಡಲು ಒಪ್ಪುವುದಿಲ್ಲ. ಅದಕ್ಕೇ ಮೊದಲು ಕೈಯಾರೆ ದಿನಾಂಕ ಹತ್ತಿರಕ್ಕೆ ತನ್ನಿ, ಆಮೇಲೆ ‘ಸಿಂಕ್ ನೌ’ ಒತ್ತಿ.

ಟೈಮ್ ಝೋನ್ ಕೂಡ ನೋಡಿ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) +5:30 ಇರಬೇಕು. ಬೇರೆ ದೇಶದಿಂದ ತಂದ ಲ್ಯಾಪ್‌ಟಾಪ್‌ನಲ್ಲಿ ಝೋನ್ ಬದಲಿಸದೆ ಗಡಿಯಾರ ಮಾತ್ರ ತಿರುಗಿಸಿದರೆ ಕಣ್ಣಿಗೆ ಸರಿ ಕಾಣುತ್ತದೆ, ಒಳಗೆ ಗಂಟೆಗಟ್ಟಲೆ ತಪ್ಪಿರುತ್ತದೆ.

ಇದೇ ಜಾತಿಯ ಇನ್ನೊಂದು ದೋಷ ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಕಾಣುತ್ತದೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿರುತ್ತಾರೆ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಯುಟಿಸಿ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ಫಲ, ವಿಂಡೋಸ್ ಐದೂವರೆ ಗಂಟೆ ಹಿಂದೆ. ಹೆಚ್ಚಿನ ಸೈಟ್‌ಗಳು ತೆರೆಯುತ್ತವೆ, ಏಕೆಂದರೆ ಅವುಗಳ ಸರ್ಟಿಫಿಕೇಟ್ ವಾರಗಳ ಹಿಂದೆಯೇ ಬಂದಿರುತ್ತದೆ. ಇವತ್ತು ಮಧ್ಯಾಹ್ನ ತಾನೇ ಹೊಸ ಸರ್ಟಿಫಿಕೇಟ್ ಹಾಕಿಕೊಂಡ ಸೈಟ್ ಮಾತ್ರ ತೆರೆಯುವುದಿಲ್ಲ. ಸೈಟ್‌ಗಳಿಗೆ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರು ಸರ್ಟಿಫಿಕೇಟ್‌ನ ಆರಂಭದ ಸಮಯವನ್ನು ಒಂದು ಗಂಟೆ ಹಿಂದಕ್ಕೆ ಹಾಕಿ ಕೊಡುತ್ತಾರೆ, ಸಣ್ಣಪುಟ್ಟ ವ್ಯತ್ಯಾಸಕ್ಕೆ ಅದು ಸಾಕು. ಐದೂವರೆ ಗಂಟೆಗೆ ಸಾಲದು. ‘ನಿನ್ನೆ ಬರಲಿಲ್ಲ, ಇವತ್ತು ತಾನಾಗೇ ಸರಿ ಹೋಯಿತು’ ಎನ್ನುವ ಎಷ್ಟೋ ದೂರುಗಳ ಹಿಂದೆ ಇದೇ ಇರುತ್ತದೆ. ಲಿನಕ್ಸ್‌ನಲ್ಲಿ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ಇಡುವ ಸೆಟ್ಟಿಂಗ್ ಇದೆ, ಅಥವಾ ವಿಂಡೋಸ್‌ಗೆ ಯುಟಿಸಿ ಓದಲು ಹೇಳಬಹುದು. ಎರಡರಲ್ಲಿ ಒಂದು ಮಾಡಿ, ಎರಡನ್ನೂ ಮಾಡಬೇಡಿ.

ರೂಟರ್‌ಗೂ ಗಡಿಯಾರ ಇದೆ, ಆದರೆ ಸಾಮಾನ್ಯ ಮನೆ ರೂಟರ್‌ನಲ್ಲಿ ಸೆಲ್ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ಯಾವುದೋ ಹಳೆಯ ದಿನಾಂಕದಿಂದ, ಎಷ್ಟೋ ರೂಟರ್‌ಗಳಲ್ಲಿ 1970ರ ಜನವರಿ 1ರಿಂದ, ಶುರು ಮಾಡುತ್ತದೆ. ಇಂಟರ್ನೆಟ್‌ನಿಂದ ಸಮಯ ಕೇಳಿ ಸರಿಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಇದರಿಂದ ತೊಂದರೆ ಇಲ್ಲ, ಸರ್ಟಿಫಿಕೇಟ್ ಪರೀಕ್ಷಿಸುವುದು ನಿಮ್ಮ ಕಂಪ್ಯೂಟರ್, ರೂಟರ್ ಅಲ್ಲ. ಆದರೆ ರೂಟರ್‌ನಲ್ಲೇ ಎನ್‌ಕ್ರಿಪ್ಟೆಡ್ ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ಐಪಿ ಸಂಖ್ಯೆ, ಅಂದರೆ ಅಂಕಿಗಳ ವಿಳಾಸ, ಹುಡುಕಿಕೊಡುವ ಸೇವೆಯ ಗುಪ್ತ ರೂಪ) ಹಾಕಿಕೊಂಡಿದ್ದರೆ ಒಂದು ಬಿಕ್ಕಟ್ಟು ಬರುತ್ತದೆ. ಸಮಯ ಕೊಡುವ ಸರ್ವರಿನ ವಿಳಾಸ ಹುಡುಕಲು ಡಿಎನ್‌ಎಸ್ ಬೇಕು. ಆ ಡಿಎನ್‌ಎಸ್‌ನ ಸರ್ಟಿಫಿಕೇಟ್ ಒಪ್ಪಲು ಸರಿಯಾದ ಸಮಯ ಬೇಕು. ಎರಡೂ ಒಂದನ್ನೊಂದು ಕಾಯುತ್ತಾ ಕೂರುತ್ತವೆ. ಪ್ರತಿ ಸಲ ಕರೆಂಟ್ ಹೋಗಿ ಬಂದಮೇಲೆ ಮನೆಯಿಡೀ ಯಾವ ಹೆಸರೂ ತೆರೆಯುತ್ತಿಲ್ಲ ಎಂದಾದರೆ ಇದನ್ನು ಅನುಮಾನಿಸಿ. ಸಮಯದ ಸರ್ವರನ್ನು ಹೆಸರಿನ ಬದಲು ಐಪಿ ಸಂಖ್ಯೆಯಲ್ಲಿ ಕೊಟ್ಟರೆ ಗಂಟು ಬಿಡುತ್ತದೆ.

ಸರ್ಟಿಫಿಕೇಟ್ ಕೊಟ್ಟವರು ಯಾರು

ಗಡಿಯಾರ ಸರಿ ಇದ್ದು ‘ಅಥಾರಿಟಿ ಇನ್‌ವ್ಯಾಲಿಡ್’ ಅಥವಾ ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಬಂದಿದ್ದರೆ ‘ಇಶ್ಯುಯರ್’ ಮತ್ತು ‘ಸಬ್ಜೆಕ್ಟ್’ ಸಾಲುಗಳನ್ನು ನಿಧಾನವಾಗಿ ಓದಿ. ನನ್ನ ಪ್ರಕಾರ ಇಡೀ ಪತ್ತೆ ಕೆಲಸದಲ್ಲಿ ಅತಿ ಮುಖ್ಯವಾದ ಸಾಲುಗಳು ಇವೇ. ನಿಮಗೂ ಸೈಟಿಗೂ ಮಧ್ಯೆ ಯಾರು ಕೂತಿದ್ದಾರೆ ಎಂಬುದು ಇಲ್ಲಿ ಹೆಸರಿನ ಸಮೇತ ಕಾಣುತ್ತದೆ.

ಅಲ್ಲಿ ನಿಮ್ಮ ಆ್ಯಂಟಿವೈರಸ್‌ನ ಹೆಸರು ಇದೆಯಾ? ಕೆಲವು ಆ್ಯಂಟಿವೈರಸ್‌ಗಳು ಎಚ್‌ಟಿಟಿಪಿಎಸ್ ಸಂಚಾರವನ್ನು (ಬ್ರೌಸರಿಗೂ ಸೈಟಿಗೂ ಮಧ್ಯೆ ಗುಪ್ತವಾಗಿ ಹೋಗಿಬರುವ ಮಾಹಿತಿಯನ್ನು) ಬಿಚ್ಚಿ ನೋಡಿ, ತಮ್ಮದೇ ಸರ್ಟಿಫಿಕೇಟ್ ಹಾಕಿ ಬ್ರೌಸರಿಗೆ ಕೊಡುತ್ತವೆ. ಅದನ್ನು ಬ್ರೌಸರ್ ನಂಬುವಂತೆ ಕಂಪ್ಯೂಟರಿನ ನಂಬಿಕೆಯ ಪಟ್ಟಿಗೆ ತಮ್ಮ ರೂಟ್ ಸರ್ಟಿಫಿಕೇಟ್, ಅಂದರೆ ಸೀಲು ಹಾಕುವವರ ಮೂಲ ಸರ್ಟಿಫಿಕೇಟ್, ಸೇರಿಸಿರುತ್ತವೆ. ಲೈಸೆನ್ಸ್ ಮುಗಿದಾಗ ಅಥವಾ ಅರ್ಧಂಬರ್ಧ ಅನ್‌ಇನ್‌ಸ್ಟಾಲ್ ಆದಾಗ ರೂಟ್ ಹೋಗಿ, ಬಿಚ್ಚುವ ಭಾಗ ಉಳಿದುಬಿಡಬಹುದು. ಆಗ ಎಲ್ಲ ಸೈಟಿಗೂ ದೋಷ. ಸೆಟ್ಟಿಂಗ್‌ನಲ್ಲಿ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಆಫ್ ಮಾಡಿ ನೋಡಿ. ಹೋಗದಿದ್ದರೆ ಆ ಕಂಪನಿಯದೇ ತೆಗೆಯುವ ಉಪಕರಣದಿಂದ ಪೂರ್ತಿ ತೆಗೆಯಿರಿ. ಈ ಸ್ಕ್ಯಾನಿಂಗ್ ಮನೆಗಳಿಗೆ ಬೇಕಿಲ್ಲ ಎನ್ನುವುದು ನನ್ನ ನಿಲುವು. ಬ್ರೌಸರ್ ಮಾಡುವ ಪರೀಕ್ಷೆಯನ್ನು ಇನ್ನೊಂದು ತಂತ್ರಾಂಶದ ಕೈಗೆ ಕೊಟ್ಟು, ಅದು ಅಷ್ಟೇ ಚೆನ್ನಾಗಿ ಮಾಡುತ್ತದೆ ಎಂದು ನಂಬಿ ಕೂರಬೇಕಾಗುತ್ತದೆ.

ಅದು ಚೆನ್ನಾಗಿ ಮಾಡುತ್ತಿದೆಯಾ ಎಂದು ನೋಡಲೂ ದಾರಿ ಇದೆ. ಬ್ಯಾಡ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬ ಪರೀಕ್ಷಾ ಸೈಟ್ ಬೇಕಂತಲೇ ಕೆಟ್ಟ ಸರ್ಟಿಫಿಕೇಟ್‌ಗಳನ್ನು ಇಟ್ಟುಕೊಂಡಿದೆ. ಅಲ್ಲಿ ‘ಎಕ್ಸ್‌ಪೈರ್ಡ್’, ‘ರಾಂಗ್ ಹೋಸ್ಟ್’, ‘ಸೆಲ್ಫ್ ಸೈನ್ಡ್’ ಕೊಂಡಿಗಳನ್ನು ಒತ್ತಿ. ಮೂರಕ್ಕೂ ಎಚ್ಚರಿಕೆ ಬರಬೇಕು. ಎಚ್ಚರಿಕೆ ಬಾರದೆ ಪುಟ ತೆರೆದರೆ ನಿಮ್ಮ ಕಂಪ್ಯೂಟರಿನಲ್ಲಿ ಯಾವುದೋ ತಂತ್ರಾಂಶ ಕಾವಲನ್ನು ಸಡಿಲ ಮಾಡಿದೆ ಎಂದರ್ಥ.

ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ‘ಇಶ್ಯುಯರ್’ ಜಾಗದಲ್ಲಿ ಕಂಪನಿಯ ಅಥವಾ ಅದರ ಭದ್ರತಾ ಸೇವೆಯ ಹೆಸರು ಇರುವುದು ಸಹಜ. ಮಾರತ್ತಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗೆ ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್‌ಗಳಲ್ಲಿ ಇದು ದಿನವೂ ನಡೆಯುತ್ತದೆ. ಅಲ್ಲಿ ದೋಷ ಬಂದರೆ ರೂಟರ್ ಮುಟ್ಟಬೇಡಿ, ಐಟಿ ವಿಭಾಗಕ್ಕೆ ಬರೆಯಿರಿ. ಅಂಥ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಬ್ಯಾಂಕ್ ಕೆಲಸ ಮಾಡದಿರುವುದು ಒಳ್ಳೆಯದು.

ಹಾಸ್ಟೆಲ್, ಪಿಜಿಗಳಿಂದ ಬಂದ ಫೋನ್‌ಗಳನ್ನು ವಿಶೇಷವಾಗಿ ನೋಡಬೇಕು. ಕೆಲವು ಹಾಸ್ಟೆಲ್ ವೈಫೈಗಳಲ್ಲಿ ‘ಈ ಸರ್ಟಿಫಿಕೇಟ್ ಹಾಕಿಕೊಂಡರೆ ಮಾತ್ರ ಇಂಟರ್ನೆಟ್’ ಎನ್ನುತ್ತಾರೆ. ಹುಡುಗರು ಹಾಕಿಕೊಳ್ಳುತ್ತಾರೆ. ಓದು ಮುಗಿಸಿ ಮನೆಗೆ ಬಂದರೂ ಅದು ಫೋನ್‌ನಲ್ಲೇ ಇರುತ್ತದೆ. ಆ ಸರ್ಟಿಫಿಕೇಟ್‌ನ ಕೀಲಿ ಯಾರ ಕೈಯಲ್ಲಿದೆಯೋ ಅವರು, ನಿಮ್ಮ ಸಂಚಾರ ಅವರ ಮೂಲಕ ಹಾದುಹೋದರೆ, ಬ್ರೌಸರಿನಲ್ಲಿ ಏನು ಟೈಪ್ ಮಾಡುತ್ತೀರಿ ಎಂದು ಓದಬಲ್ಲರು. ಎಚ್ಚರಿಕೆ ಪುಟವೂ ಬರುವುದಿಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಸೆಕ್ಯುರಿಟಿ, ‘ಎನ್‌ಕ್ರಿಪ್ಷನ್ ಅಂಡ್ ಕ್ರೆಡೆನ್ಷಿಯಲ್ಸ್’, ‘ಟ್ರಸ್ಟೆಡ್ ಕ್ರೆಡೆನ್ಷಿಯಲ್ಸ್’ಗೆ ಹೋಗಿ. ಫೋನಿನಿಂದ ಫೋನಿಗೆ ಹೆಸರು ಸ್ವಲ್ಪ ಬೇರೆ ಇರುತ್ತದೆ. ಅಲ್ಲಿ ‘ಯೂಸರ್’ ಎಂಬ ಭಾಗ ಸಾಮಾನ್ಯವಾಗಿ ಖಾಲಿ ಇರಬೇಕು. ಏನಾದರೂ ಇದ್ದು, ಅದು ಏಕಿದೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ತೆಗೆದುಹಾಕಿ.

ಈ ನಂಬಿಕೆಯ ಪಟ್ಟಿಯ ವಿಷಯದಲ್ಲಿ ಹುಷಾರಾಗಿರಲು ನಮ್ಮ ದೇಶದ್ದೇ ಕಾರಣವಿದೆ. 2014ರ ಜುಲೈನಲ್ಲಿ ಗೂಗಲ್‌ನ ಡೊಮೈನ್‌ಗಳಿಗೆ ಅನುಮತಿ ಇಲ್ಲದ ಸರ್ಟಿಫಿಕೇಟ್‌ಗಳು ಹೊರಬಂದಿರುವುದನ್ನು ಗೂಗಲ್ ಕಂಡುಹಿಡಿಯಿತು. ಅವು ಕೇಂದ್ರ ಸರ್ಕಾರದ ಐಟಿ ಸಂಸ್ಥೆಯಾದ ಎನ್‌ಐಸಿಯ ಸರ್ಟಿಫಿಕೇಟ್ ವ್ಯವಸ್ಥೆಯಿಂದ ಬಂದಿದ್ದವು. ಸರ್ಟಿಫಿಕೇಟ್ ನೀಡುವವರ ಮೇಲಿನ ಸರ್ಕಾರಿ ನಿಯಂತ್ರಕರಾದ ಭಾರತದ ಸಿಸಿಎಯ ರೂಟ್ ಆಗ ಮೈಕ್ರೋಸಾಫ್ಟ್‌ನ ನಂಬಿಕೆಯ ಪಟ್ಟಿಯಲ್ಲಿತ್ತು, ಹಾಗಾಗಿ ವಿಂಡೋಸ್‌ನ ಬಹಳಷ್ಟು ತಂತ್ರಾಂಶಗಳು ಅವನ್ನು ಒಪ್ಪುವ ಸ್ಥಿತಿ ಇತ್ತು. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಂಡಿದ್ದರಿಂದ ಅದಕ್ಕೆ ತಟ್ಟಲಿಲ್ಲ. ಸಿಸಿಎ ಎನ್‌ಐಸಿಯ ಮಧ್ಯದ ಕೊಂಡಿಯ ಸರ್ಟಿಫಿಕೇಟ್‌ಗಳನ್ನೇ ರದ್ದು ಮಾಡಿತು. ಪಟ್ಟಿಯಲ್ಲಿ ಒಂದು ಹೆಸರು ಜಾಸ್ತಿ ಇದ್ದರೆ ಅದರ ಪರಿಣಾಮ ಅಷ್ಟು ದೊಡ್ಡದು. ಹಾಗಿರುವಾಗ ಯಾವುದೋ ಪಿಜಿಯ ಫೈರ್‌ವಾಲ್‌ನ ಹೆಸರನ್ನು ಅದೇ ಪಟ್ಟಿಗೆ ಸೇರಿಸಿ ಮರೆತುಬಿಡುವುದು ಸರಿಯಲ್ಲ ಅಲ್ವಾ?

ಲಾಗಿನ್ ಪುಟದ ತಂಟೆ

‘ಸಬ್ಜೆಕ್ಟ್’ ಅಥವಾ ‘ಇಶ್ಯುಯರ್’ ಸಾಲಿನಲ್ಲಿ ಇಂಟರ್ನೆಟ್ ಕೊಡುವವರ ಹೆಸರು ಕಂಡರೆ ಮೊದಲು ಬಿಲ್ ಕಟ್ಟಿದೆಯಾ ನೋಡಿ. ನಗರದಲ್ಲಿ ಬಡಾವಣೆ ಮಟ್ಟದ ಫೈಬರ್ ಸೇವೆಗಳು ಎಷ್ಟೋ ಇವೆ, ಕೆಲವಕ್ಕೆ ಲಾಗಿನ್ ಪುಟ ಇದೆ. ಪ್ಯಾಕ್ ಮುಗಿದರೆ ನೀವು ಕೇಳಿದ ಸೈಟಿನ ಬದಲು ತಮ್ಮ ಪುಟಕ್ಕೆ ತಿರುಗಿಸುತ್ತಾರೆ. ಎಚ್‌ಟಿಟಿಪಿಎಸ್‌ನಲ್ಲಿ ಹಾಗೆ ತಿರುಗಿಸಲು ಆಗುವುದಿಲ್ಲ. ನೀವು ಬ್ಯಾಂಕಿನ ಹೆಸರು ಕೇಳಿದ್ದೀರಿ, ಎದುರಿಗೆ ಬಂದದ್ದು ಬೇರೆಯವರು. ಬ್ರೌಸರ್ ತಡೆದದ್ದು ಸರಿಯೇ. ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬ ಸೈಟ್ ಇದಕ್ಕೆಂದೇ ಇದೆ, ಅದು ಎನ್‌ಕ್ರಿಪ್ಷನ್ ಬಳಸುವುದಿಲ್ಲ. ಅದನ್ನು ತೆರೆದರೆ ಲಾಗಿನ್ ಪುಟ ತಾನಾಗಿ ಎದುರಿಗೆ ಬರುತ್ತದೆ. ವಿಮಾನ ನಿಲ್ದಾಣ, ಹೋಟೆಲ್ ವೈಫೈಗಳಿಗೂ ಇದೇ ಮದ್ದು.

ಬಿಲ್ ಕಟ್ಟಿದೆ, ಲಾಗಿನ್ ಪುಟವೂ ಇಲ್ಲ, ಆದರೂ ಮನೆಯ ವೈಫೈನಲ್ಲಿ ಮಾತ್ರ ಬ್ಯಾಂಕ್ ಅಥವಾ ಮೇಲ್ ಸೈಟಿಗೆ ದೋಷ, ‘ಇಶ್ಯುಯರ್’ ಸಾಲಿನಲ್ಲಿ ಕೇಳದ ಹೆಸರು. ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ರೂಟರ್‌ನ ಡಿಎನ್‌ಎಸ್ ಸಂಖ್ಯೆಯನ್ನು ಯಾರೋ ಬದಲಿಸಿ ನಿಮ್ಮನ್ನು ನಕಲಿ ಸರ್ವರಿಗೆ ಕಳಿಸುತ್ತಿರಬಹುದು. ರೂಟರ್ ಪುಟದಲ್ಲಿ ‘ವ್ಯಾನ್’ (ಹೊರಗಿನ ಸಂಪರ್ಕ) ಮತ್ತು ‘ಡಿಎಚ್‌ಸಿಪಿ’ (ಮನೆಯ ಸಾಧನಗಳಿಗೆ ವಿಳಾಸ ಹಂಚುವುದು) ಎರಡೂ ಕಡೆ ಡಿಎನ್‌ಎಸ್ ಸಂಖ್ಯೆ ನೋಡಿ. 8.8.8.8, 1.1.1.1, 9.9.9.9 ಇವು ಗೊತ್ತಿರುವ ಸಾರ್ವಜನಿಕ ಡಿಎನ್‌ಎಸ್‌ಗಳು. ನಿಮ್ಮ ಸೇವೆಯವರದ್ದು ಯಾವುದು ಎಂದು ಅವರನ್ನೇ ಕೇಳಿ. ಇವು ಯಾವುದೂ ಅಲ್ಲದ, ರೂಟರಿನ ಸ್ವಂತ ವಿಳಾಸವೂ ಅಲ್ಲದ ಸಂಖ್ಯೆ ಇದ್ದರೆ ರೂಟರ್ ಫ್ಯಾಕ್ಟರಿ ರೀಸೆಟ್ ಮಾಡಿ, ಫರ್ಮ್‌ವೇರ್ (ರೂಟರಿನ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಕನೆಕ್ಷನ್ ಕೊಡಲು ಬಂದ ಹುಡುಗ ಇಟ್ಟುಹೋದ ‘ಅಡ್ಮಿನ್, ಅಡ್ಮಿನ್’ ಇನ್ನೂ ಎಷ್ಟೋ ಮನೆಗಳಲ್ಲಿ ಹಾಗೇ ಇದೆ. ಫ್ಯಾಕ್ಟರಿ ರೀಸೆಟ್‌ಗೆ ಮುಂಚೆ ಕನೆಕ್ಷನ್‌ನ ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಇಂಟರ್ನೆಟ್ಟೇ ಇರುವುದಿಲ್ಲ.

ಇದೇ ಅನುಮಾನವನ್ನು ರೂಟರ್ ಮುಟ್ಟದೆಯೂ ಪರೀಕ್ಷಿಸಬಹುದು. ಆ್ಯಂಡ್ರಾಯ್ಡ್ 9 ಅಥವಾ ಅದರ ನಂತರದ ಫೋನ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಇದೆ. ಅಲ್ಲಿ ಡಿಎನ್‌ಎಸ್ ಡಾಟ್ ಗೂಗಲ್ ಎಂದು ಹಾಕಿ, ಮನೆಯ ವೈಫೈನಲ್ಲೇ ಸೈಟ್ ತೆರೆಯಿರಿ. ದೋಷ ಮಾಯವಾದರೆ ರೂಟರ್ ಕೊಡುತ್ತಿದ್ದ ಡಿಎನ್‌ಎಸ್‌ನಲ್ಲೇ ತಪ್ಪಿದೆ.

ಮನೆಯದೇ ಸಾಧನಗಳು

ರೂಟರ್‌ನ 192.168.1.1 ಪುಟ, ಪ್ರಿಂಟರ್, ಸಿಸಿ ಕ್ಯಾಮೆರಾ, ನ್ಯಾಸ್ (ಮನೆಯ ಫೈಲುಗಳನ್ನು ಇಡುವ ಪೆಟ್ಟಿಗೆ) ಇವುಗಳ ಪುಟ ತೆರೆದಾಗ ದೋಷ ಬರುವುದು ಮಾಮೂಲು. ಅವು ತಮಗೆ ತಾವೇ ಸರ್ಟಿಫಿಕೇಟ್ ಬರೆದುಕೊಂಡಿರುತ್ತವೆ. ‘ಪ್ರೊಸೀಡ್’ ಒತ್ತಬಹುದಾದ ಜಾಗ ಇದೊಂದೇ. ಅದೂ ವಿಳಾಸವನ್ನು ನೀವೇ ಟೈಪ್ ಮಾಡಿದ್ದರೆ, ನೀವು ಸ್ವಂತ ಮನೆಯ ನೆಟ್‌ವರ್ಕ್‌ನಲ್ಲೇ ಇದ್ದರೆ.

ಇವಕ್ಕೆ ಸ್ವಂತ ಸರ್ಟಿಫಿಕೇಟ್ ಮಾಡಿಕೊಳ್ಳುವವರಿಗೆ ಎರಡು ಮಾತು. ಹೆಸರು ಸರಿಯಾಗಿ ಬರೆದರೂ ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಬರುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 2017ರ ಕ್ರೋಮ್ 58ರಿಂದ ಬ್ರೌಸರ್ ಕಾಮನ್ ನೇಮ್ ಓದುವುದೇ ಇಲ್ಲ, ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಎಂಬ ಭಾಗವನ್ನು ಮಾತ್ರ ನೋಡುತ್ತದೆ. ಹೆಸರು ಅಥವಾ ಐಪಿ ಅಲ್ಲಿರಬೇಕು. ಇನ್ನೊಂದು, ಹತ್ತು ವರ್ಷದ ಸರ್ಟಿಫಿಕೇಟ್ ಮಾಡಿ ನಿಶ್ಚಿಂತೆಯಿಂದ ಇರೋಣ ಎಂದರೆ ಐಫೋನ್, ಮ್ಯಾಕ್ ಒಪ್ಪುವುದಿಲ್ಲ. ನೀವೇ ಸೇರಿಸಿದ ರೂಟ್‌ನಿಂದ ಬಂದದ್ದಾದರೂ 825 ದಿನಗಳ ಒಳಗೇ ಇರಬೇಕು.

ಹಳೆಯ ಫೋನ್, ಹಳೆಯ ಕಂಪ್ಯೂಟರ್

ಗಡಿಯಾರ ಸರಿ, ನೆಟ್‌ವರ್ಕ್ ಸರಿ, ಹೊಸ ಸಾಧನಗಳೆಲ್ಲ ಸರಿ, ಅಜ್ಜಿಯ ಹಳೆಯ ಟ್ಯಾಬ್‌ನಲ್ಲಿ ಮಾತ್ರ ಒಂದಿಷ್ಟು ಸೈಟ್‌ಗಳು ಬರುವುದಿಲ್ಲ. ಆ ಟ್ಯಾಬ್‌ನ ನಂಬಿಕೆಯ ಪಟ್ಟಿ ಹಳೆಯದಾಗಿದೆ. ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಅವಲಂಬಿಸಿದ್ದ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ರೂಟ್ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಜಾಗಕ್ಕೆ ಬಂದ ಐಎಸ್‌ಆರ್‌ಜಿ ರೂಟ್ ಎಕ್ಸ್1 ಆ್ಯಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಸಾಧನಗಳಲ್ಲಿ ಇಲ್ಲ. ಹಳೆಯ ಫೋನ್‌ಗಳಿಗಾಗಿ ಮಾಡಿದ್ದ ತಾತ್ಕಾಲಿಕ ಏರ್ಪಾಡೂ 2024ಕ್ಕೆ ಮುಗಿದಿದೆ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೇ ನಿಂತಿತು, ಅದಕ್ಕೆ ಸಿಗುವ ಕೊನೆಯ ಕ್ರೋಮ್ 109. ಫೈರ್‌ಫಾಕ್ಸ್ ಹಾಕಲು ಆದರೆ ಹಾಕಿ ನೋಡಿ, ಅದು ತನ್ನ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ. ಭಜನೆ, ಅಡುಗೆ ವಿಡಿಯೋ ನೋಡಲು ಅಂಥ ಸಾಧನ ಇಟ್ಟುಕೊಳ್ಳಲಿ. ಬ್ಯಾಂಕ್ ಆ್ಯಪ್ ಮಾತ್ರ ಅದರಲ್ಲಿ ಬೇಡ.

ತಪ್ಪು ಸೈಟಿನದ್ದಾದರೆ

ಸೈಟಿನವರು ನವೀಕರಣ ಮರೆತಿರುತ್ತಾರೆ, ಅಥವಾ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ ಹೆಸರಿಗೆ ಮಾತ್ರ ಸರ್ಟಿಫಿಕೇಟ್ ತೆಗೆದುಕೊಂಡಿರುತ್ತಾರೆ. ಕೆಲವೊಮ್ಮೆ ಸೈಟಿನ ಸರ್ಟಿಫಿಕೇಟ್‌ಗೂ ರೂಟ್‌ಗೂ ಮಧ್ಯದ ಕೊಂಡಿಯ ಸರ್ಟಿಫಿಕೇಟ್ ಬಿಟ್ಟಿರುತ್ತಾರೆ. ಆಗ ಕಂಪ್ಯೂಟರಿನ ಕ್ರೋಮ್ ಅದನ್ನು ತಾನೇ ಹುಡುಕಿ ತಂದು ಪುಟ ತೆರೆಯುತ್ತದೆ, ಕೆಲವು ಆ್ಯಪ್‌ಗಳು ತರುವುದಿಲ್ಲ. ‘ಅವರ ಮನೆಯಲ್ಲಿ ಬರುತ್ತೆ, ನಮ್ಮನೆಯಲ್ಲಿ ಬರಲ್ಲ’ ಎನ್ನುವುದಕ್ಕೆ ಇದೂ ಒಂದು ಕಾರಣ. ಇವಕ್ಕೆಲ್ಲ ಕಾಯುವುದು, ಅವರಿಗೆ ತಿಳಿಸುವುದು ಬಿಟ್ಟು ಬೇರೆ ದಾರಿ ಇಲ್ಲ.

ಇಂಥವು ಇನ್ನೂ ಜಾಸ್ತಿಯಾಗುತ್ತವೆ ಎಂದು ನನಗನ್ನಿಸುತ್ತದೆ. ಸರ್ಟಿಫಿಕೇಟ್‌ನ ಗರಿಷ್ಠ ಅವಧಿ 2020ರ ಸೆಪ್ಟೆಂಬರ್‌ನಿಂದ 398 ದಿನ ಇತ್ತು. 2026ರ ಮಾರ್ಚ್ 15ರಿಂದ ಅದು 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47 ಎಂದು ನಿರ್ಧಾರವಾಗಿದೆ. ಕೈಯಾರೆ ನವೀಕರಿಸುವ ಸಣ್ಣ ಶಾಲೆ, ಕ್ಲಿನಿಕ್, ಸೊಸೈಟಿಗಳ ಸೈಟ್‌ಗಳು ತಾನಾಗಿ ನವೀಕರಿಸುವ ವ್ಯವಸ್ಥೆಗೆ ಬರದಿದ್ದರೆ ಒದ್ದಾಡುತ್ತವೆ.

‘ಪ್ರೊಸೀಡ್’ ಬಟನ್ನೇ ಕಾಣದ ಸೈಟ್‌ಗಳೂ ಇವೆ. ಎಚ್‌ಎಸ್‌ಟಿಎಸ್ ಎಂಬ ನಿಯಮ ಹಾಕಿಕೊಂಡ ಸೈಟ್‌ಗಳಲ್ಲಿ ಬ್ರೌಸರ್ ದಾಟಲು ಬಿಡುವುದಿಲ್ಲ. ಅದು ಬ್ರೌಸರಿನ ದೋಷವಲ್ಲ. ಅದನ್ನು ದಾಟುವ ಅಡ್ಡದಾರಿಗಳನ್ನು ಯಾರಾದರೂ ಫೋನ್‌ನಲ್ಲಿ ಹೇಳಿಕೊಟ್ಟರೆ, ಅದು ಗ್ರಾಹಕ ಸೇವೆಯವರೇ ಆಗಿದ್ದರೂ, ಮಾಡಬೇಡಿ.

ಈಗಾಗಲೇ ಎಚ್ಚರಿಕೆ ದಾಟಿ ಪಾಸ್‌ವರ್ಡ್ ಅಥವಾ ಕಾರ್ಡ್ ಸಂಖ್ಯೆ ಕೊಟ್ಟಿದ್ದರೆ ವೈಫೈ ಆಫ್ ಮಾಡಿ, ಬೇರೆ ಸಾಧನದಲ್ಲಿ ಮೊಬೈಲ್ ಡೇಟಾದ ಮೂಲಕ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ಫೋನ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಂಟರ್ನೆಟ್ ಕಂಪನಿಗೆ ದೂರು ಕೊಡುವಾಗ ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಬೇಡಿ, ಅವರು ಸಿಗ್ನಲ್ ನೋಡಿ ಹೋಗಿಬಿಡುತ್ತಾರೆ. ಆ ನಾಲ್ಕು ಸಾಲಿನ ಫೋಟೋ ಕಳಿಸಿ. ಯಾವ ಸೈಟ್, ಎಷ್ಟು ಹೊತ್ತಿಗೆ ಬಂತು, ಎಷ್ಟು ಸಾಧನಗಳಿಗೆ ಬಂತು, ಮೊಬೈಲ್ ಡೇಟಾದಲ್ಲಿ ಏನಾಯಿತು, ರೂಟರ್‌ನಲ್ಲಿರುವ ಡಿಎನ್‌ಎಸ್ ಸಂಖ್ಯೆ ಯಾವುದು ಎಂದು ಬರೆಯಿರಿ. ಆಗ ದೂರು ಲೈನ್‌ಮ್ಯಾನ್ ಕೈಯಿಂದ ದಾಟಿ ನೆಟ್‌ವರ್ಕ್ ನೋಡಿಕೊಳ್ಳುವವರ ಹತ್ತಿರ ಹೋಗುತ್ತದೆ.